ವ್ಯಾಯಾಮ ಕೊಠಡಿಯ ವಲಯ ಹವಾನಿಯಂತ್ರಣ

ವಲಯ ಹವಾನಿಯಂತ್ರಣವೆಂದರೆ ಒಂದೇ ಕಟ್ಟಡದ ಬೇರೆ ಬೇರೆ ಭಾಗಗಳ ತಾಪವನ್ನು ಪ್ರತ್ಯೇಕವಾಗಿ ಹೊಂದಿಸುವ ವ್ಯವಸ್ಥೆ. ಮನೆಯಲ್ಲಿ ವ್ಯಾಯಾಮಕ್ಕೆ ಮೀಸಲಾದ ಕೊಠಡಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಸುಮ್ಮನೆ ಕುಳಿತ ವಯಸ್ಕರ ದೇಹವು ಸುಮಾರು 100 ವ್ಯಾಟ್ ಶಾಖವನ್ನು ಹೊರಸೂಸುತ್ತದೆ. ಕಠಿಣ ವ್ಯಾಯಾಮದಲ್ಲಿ ಇದು 500 ವ್ಯಾಟ್ ದಾಟಬಹುದು. ಇದರಲ್ಲಿ ಬಹುಪಾಲು ಬೆವರಿನ ಆವಿಯ ಮೂಲಕ ಹೊರಹೋಗುತ್ತದೆ. ಆದ್ದರಿಂದ ಹಜಾರದಲ್ಲಿ ಕುಳಿತವರಿಗೆ ಹಿತವಾದ ಹವೆ ಪಕ್ಕದ ಕೋಣೆಯಲ್ಲಿ ದಂಡ, ಬಸ್ಕಿ ಹೊಡೆಯುವವರಿಗೆ ಸೆಕೆಯಾಗಿ ತೋರುತ್ತದೆ.

ಗರಡಿಮನೆಯ ಮಾದರಿ

ಕರ್ನಾಟಕದಲ್ಲಿ ವ್ಯಾಯಾಮದ ಸ್ಥಳವನ್ನು ವಾಸದ ಮನೆಯಿಂದ ಬೇರ್ಪಡಿಸುವ ಪದ್ಧತಿ ಹಳೆಯದು. ಸಾಂಪ್ರದಾಯಿಕ ಗರಡಿಮನೆಗಳಲ್ಲಿ ದಪ್ಪ ಗೋಡೆ, ತಲೆ ಬಗ್ಗಿಸಿ ನುಗ್ಗಬೇಕಾದ ಕಿರುಬಾಗಿಲು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದಗೊಳಿಸಿದ ಕೆಂಪುಮಣ್ಣಿನ ಮಟ್ಟಿ ಕಂಡುಬರುತ್ತವೆ. ದಪ್ಪ ಗೋಡೆಯು ಬಿಸಿಲಿನ ಶಾಖವನ್ನು ನಿಧಾನವಾಗಿ ಒಳಬಿಡುತ್ತದೆ. ಸಾಮು ಮಾಡುವುದು ಸಾಮಾನ್ಯವಾಗಿ ನಸುಕಿನಲ್ಲಾದ್ದರಿಂದ ಸೆಕೆಯ ಬಾಧೆ ಇನ್ನೂ ಕಡಿಮೆ. ಗಾಳಿಯಾಟದ ವಿಷಯದಲ್ಲಿ ಮಾತ್ರ ಗರಡಿಮನೆ ಅನುಕರಣೀಯವಲ್ಲ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿವೆ. ಏಪ್ರಿಲ್ ಮಧ್ಯಾಹ್ನ ತಾಪವು 34 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುತ್ತದೆ. ಜನವರಿಯ ಮುಂಜಾನೆ 15ರ ಸಮೀಪಕ್ಕೆ ಇಳಿಯುತ್ತದೆ. ಆದುದರಿಂದ ಇಲ್ಲಿ ಕೊಠಡಿಯನ್ನು ಬಿಸಿ ಮಾಡುವ ಅಗತ್ಯ ವಿರಳ. ಹತ್ತು ನಿಮಿಷದ ಮೈಬಿಸಿ ಮಾಡುವ ಕಸರತ್ತೇ ಸಾಕು. ನಿಜವಾದ ತೊಡಕು ತಾರಸಿಯದು. ಹಗಲೆಲ್ಲ ಕಾದ ಕಾಂಕ್ರೀಟ್ ಸೂರ್ಯಾಸ್ತದ ಬಳಿಕವೂ ಶಾಖವನ್ನು ಒಳಕ್ಕೆ ಬಿಡುತ್ತಿರುತ್ತದೆ, ಹಲವರು ವ್ಯಾಯಾಮಕ್ಕೆ ಇಳಿಯುವುದೂ ಆಗಲೇ. ತಾರಸಿಗೆ ಬಿಳಿ ಸುಣ್ಣ ಬಳಿಯುವುದು, ರಾತ್ರಿ ಎದುರುಬದುರಿನ ಕಿಟಕಿಗಳನ್ನು ತೆರೆದಿಡುವುದು ಯಂತ್ರಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳು. ಮಹಡಿಯ ಮೇಲೆ ತಗಡಿನ ಶೀಟು ಹೊದಿಸಿದ ಕೋಣೆ ಈ ಉದ್ದೇಶಕ್ಕೆ ತೀರಾ ಅನನುಕೂಲ.

ಯಂತ್ರಗಳು

ಪಾಶ್ಚಾತ್ಯ ಮನೆಗಳಲ್ಲಿ ಒಂದೇ ಯಂತ್ರದ ಗಾಳಿಯನ್ನು ಕೊಳವೆಗಳಲ್ಲಿ ಹರಿಸಿ, ಕೊಠಡಿಗೊಂದು ತಾಪಸ್ಥಾಪಕವಿಟ್ಟು, ಕೊಳವೆಯೊಳಗಿನ ಕದಗಳನ್ನು ತೆರೆದು ಮುಚ್ಚುವುದುಂಟು. ಭಾರತದಲ್ಲಿ ಕೊಠಡಿಗೊಂದು ಸ್ಪ್ಲಿಟ್ ಎ.ಸಿ. ಅಳವಡಿಸುವುದೇ ರೂಢಿಯಾದ್ದರಿಂದ ಪ್ರತಿ ಕೊಠಡಿಯೂ ತಾನಾಗಿಯೇ ಒಂದು ವಲಯವಾಗುತ್ತದೆ. 1 ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಸಾಮರ್ಥ್ಯ. ಹೊಸ ಎ.ಸಿ.ಗಳು 24 ಡಿಗ್ರಿಯಲ್ಲಿ ಆರಂಭವಾಗಬೇಕೆಂಬ ನಿಯಮ 2020ರಿಂದ ಭಾರತದಲ್ಲಿದೆ. ವ್ಯಾಯಾಮಶಾಲೆಗಳಿಗೆ ಸಾಮಾನ್ಯವಾಗಿ 20ರಿಂದ 22 ಡಿಗ್ರಿ ಸೂಚಿತವಾಗಿದ್ದರೂ, ಬೀಸಣಿಗೆಯ ಗಾಳಿ ಬೆವರನ್ನು ಬೇಗ ಆರಿಸುವುದರಿಂದ 24 ಡಿಗ್ರಿಯೂ ಹಲವರಿಗೆ ಸಾಲುತ್ತದೆ.

ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿಯನ್ನು ಒಳತರುತ್ತದೆಂಬುದು ತಪ್ಪು ತಿಳಿವಳಿಕೆ. ಸಾಮಾನ್ಯವಾಗಿ ಅದು ಕೋಣೆಯ ಗಾಳಿಯನ್ನೇ ತಿರುಗಿಸುತ್ತದೆ. ಉಸಿರಾಟ ಜೋರಾಗುವ ಕೊಠಡಿಯಲ್ಲಿ ಹೊರಗಾಳಿಗೆ ಕಿಟಕಿಯ ಸಂದೋ ಎಕ್ಸಾಸ್ಟ್ ಫ್ಯಾನೋ ಬೇಕು. ಇಲ್ಲದಿದ್ದರೆ ತೇವ ಹೆಚ್ಚಿ ಗೋಡೆಗೆ ಬೂಷ್ಟು, ಕಬ್ಬಿಣದ ತೂಕಗಳಿಗೆ ತುಕ್ಕು ಹಿಡಿಯುತ್ತದೆ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದು ಪ್ರಾಣಾಪಾಯಕರ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.