ಉಂಡವರೇ ಬಡಿಸಿದ ಅಡುಗೆಮನೆ



2019ರ ಆಗಸ್ಟ್ ತಿಂಗಳನ್ನು ಸಾಂಗ್ಲಿ-ಮಿರಜದ ನಾವ್ಯಾರೂ ಮರೆಯುವಂತಿಲ್ಲ. ಇರ್ವಿನ್ ಸೇತುವೆಯ ಬಳಿ ಕೃಷ್ಣೆಯ ನೀರು 57 ಅಡಿ ದಾಟಿತ್ತು. ಮನೆ ಬಿಟ್ಟು ಬಂದವರಿಗಾಗಿ ನಾವು ಯುವಜನರು ದೊಡ್ಡ ಪಾತ್ರೆಗಳಲ್ಲಿ ಖಿಚಡಿ ಬೇಯಿಸುತ್ತಿದ್ದೆವು. ಎರಡನೆಯ ದಿನ ಸಾಲಿನಲ್ಲಿದ್ದ ಅಥಣಿ ಕಡೆಯ ಒಬ್ಬ ಅಜ್ಜಿ ತಟ್ಟೆ ಹಿಡಿಯದೆ ನೇರವಾಗಿ ನಮ್ಮ ಬಳಿ ಬಂದು, "ಬರೇ ಕೂತ ಉಣ್ಣಾಕ ಮನಸ ಒಲ್ಲದು ತಮ್ಮಾ, ಒಂದ ಈಳಗಿ ಕೊಡ್ರಿ, ಉಳ್ಳಾಗಡ್ಡಿ ಹೆಚ್ಚತೇನಿ" ಅಂದರು. ಮರುದಿನ ಅವರ ಜೊತೆ ಇನ್ನೂ ನಾಲ್ಕು ಜನ ಹೆಂಗಸರು ಕೂತರು. ಅಡುಗೆಯ ರುಚಿಯೂ ಸುಧಾರಿಸಿತು!

ಆ ಅಜ್ಜಿಯ ಮಾತು ನಮ್ಮನ್ನು ಇತಿಹಾಸದ ಕಡೆಗೆ ಕರೆದುಕೊಂಡು ಹೋಯಿತು. ಹಸಿದವರಿಗೆ ಅನ್ನ ಕೊಟ್ಟವರು ಬಹಳ ಜನ. ಆದರೆ ಉಂಡವರ ಕೈಗೇ ಸೌಟು ಕೊಟ್ಟವರು ಯಾರು?

ಮೊದಲು ನಮ್ಮ ಸೀಮೆಯ ಕಥೆ. 1876ರಿಂದ 78ರವರೆಗಿನ ಭೀಕರ ಬರ ಕಲಾದಗಿ (ಇಂದಿನ ವಿಜಯಪುರ, ಬಾಗಲಕೋಟೆ), ಧಾರವಾಡ, ಬೆಳಗಾವಿ ಜಿಲ್ಲೆಗಳನ್ನು ಹಿಂಡಿಹಾಕಿತು. ಸರ್ಕಾರ ಪರಿಹಾರದ ಕಾಮಗಾರಿಗಳನ್ನು ತೆರೆಯಿತು. ಆದರೆ ಖರ್ಚು ಹೆಚ್ಚಾಯಿತೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಸ್ವಲ್ಪ ಚಿಲ್ಲರೆ ಹಣಕ್ಕೆ ಇಳಿಸಿದ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ, ಹೆಚ್ಚೆಂದರೆ 1,600 ಕ್ಯಾಲರಿ. ಬಿಸಿಲಲ್ಲಿ ಕಲ್ಲು ಒಡೆಯುವ ದೇಹಕ್ಕೆ ಇದು ಯಾವ ಮೂಲೆಗೆ? ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಮುಂಬೈ ಪ್ರಾಂತ್ಯದಲ್ಲಿ ಎಷ್ಟೋ ಕೂಲಿಕಾರರು ಹಸಿವಿನಲ್ಲೇ ಕಾಮಗಾರಿ ಬಿಟ್ಟು ಹೊರನಡೆದರು. ಹಸಿದವನಿಗೂ ಮಾನವಿದೆ ಎಂಬುದನ್ನು ಅವರು ತೋರಿಸಿದರು.

ಹೊರದೇಶದಲ್ಲೂ ಇದೇ ಪಾಠ. 1847ರಲ್ಲಿ ಐರ್ಲೆಂಡಿನ ಬರಗಾಲದಲ್ಲಿ ಅಲೆಕ್ಸಿಸ್ ಸೊಯೆ ಎಂಬ ಪ್ರಸಿದ್ಧ ಬಾಣಸಿಗ ಡಬ್ಲಿನ್ನಿನಲ್ಲಿ ಸೂಪಿನ ಅಡುಗೆಮನೆ ತೆರೆದ. ಒಂದು ಗಂಟೆ ಬಾರಿಸಿದರೆ ನೂರು ಜನ ಒಳಗೆ, ಇನ್ನೊಂದು ಗಂಟೆಗೆ ಅವರು ಹೊರಗೆ. ಚಮಚಗಳನ್ನು ಸರಪಳಿಯಿಂದ ಕಟ್ಟಲಾಗಿತ್ತು. ಸಾವಿರಾರು ಜನರ ಹೊಟ್ಟೆ ತುಂಬಿತು, ನಿಜ. ಆದರೆ ಸರಪಳಿ ಹಾಕಿದ ಚಮಚದಿಂದ ಉಂಡವರ ಮನಸ್ಸು ಏನೆಂದಿರಬೇಕು?

ಈಗ ನಮ್ಮವರೇ ಆದ ಒಬ್ಬ ಹೆಣ್ಣುಮಗಳ ಬಳಿಗೆ ಬರೋಣ: ಪಂಡಿತಾ ರಮಾಬಾಯಿ. ಅವರ ಹೆಸರು ಕೇಳಿದ ಕೂಡಲೇ ಪುಣೆ ನೆನಪಾಗುತ್ತದೆ. ಆದರೆ ಅವರು ಹುಟ್ಟಿದ್ದು ಕನ್ನಡ ನಾಡಿನಲ್ಲಿ. 1858ರ ಏಪ್ರಿಲ್ 23ರಂದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ತಂದೆ ಕಾರ್ಕಳ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆ. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಿದ್ದಕ್ಕೆ ಎದುರಾದ ವಿರೋಧವನ್ನು ಲೆಕ್ಕಿಸದ ಮನುಷ್ಯ. ಆಶ್ರಮಕ್ಕೆ ಬಂದ ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಊಟ ಹಾಕಿ ಹಾಕಿಯೇ ಆ ಮನೆ ಬರಿದಾಯಿತು. ಕುಟುಂಬ ಊರೂರು ಅಲೆದು ಪುರಾಣ ಹೇಳುತ್ತಾ ಬದುಕಿತು. 1870ರ ದಶಕದಲ್ಲಿ ದಕ್ಷಿಣದಲ್ಲಿ ಬರ ಬಿದ್ದಾಗ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಕೊಂಡರು. ಎಲೆ ತಿಂದು ಹೊಟ್ಟೆ ತುಂಬಿಸಿಕೊಂಡ ದಿನಗಳನ್ನು ರಮಾಬಾಯಿ ಸ್ವತಃ ಬರೆದಿದ್ದಾರೆ. ಭಿಕ್ಷೆ ಬೇಡಲು ಸಂಕೋಚ, ಕೆಲಸ ಮಾಡಲು ಕಲಿತಿರಲಿಲ್ಲ: ಆ ಕುಟುಂಬದ ದುರಂತ ಇದೇ ಆಗಿತ್ತು.

ಮುಂದೆ ಅವರು ಕಲ್ಕತ್ತೆಯಲ್ಲಿ 'ಪಂಡಿತಾ' ಬಿರುದು ಪಡೆದರು, 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1889ರಲ್ಲಿ ವಿಧವೆಯರಿಗಾಗಿ ಮುಂಬೈಯಲ್ಲಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. 1896-97ರಲ್ಲಿ ಮಧ್ಯ ಪ್ರಾಂತ್ಯಗಳಲ್ಲಿ ಬರ ಬಿದ್ದ ಸುದ್ದಿ ಬಂದಾಗ ತಮ್ಮ ಹಳೆಯ ಹಸಿವು ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಅಲ್ಲಿನ ಸರ್ಕಾರಿ ಬಡವರ ಮನೆಗಳಲ್ಲಿ ಅನಾಥ ಹುಡುಗಿಯರು ಎಷ್ಟು ಅಪಾಯದಲ್ಲಿದ್ದಾರೆಂದು ಕಣ್ಣಾರೆ ಕಂಡರು. ಮುನ್ನೂರರಷ್ಟು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಹರಡಿದ್ದರಿಂದ ಅಷ್ಟು ಜನರನ್ನು ಅಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಸೊಲ್ಲಾಪುರದ ರೈಲು ದಾರಿಯಲ್ಲಿರುವ ಕೇಡಗಾಂವದಲ್ಲಿ ಹಣ್ಣಿನ ತೋಟಕ್ಕೆಂದು ಮೊದಲೇ ಕೊಂಡಿದ್ದ ಹೊಲವಿತ್ತು. ಅಲ್ಲಿಯೇ 'ಮುಕ್ತಿ' ಬೆಳೆಯಿತು.

ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಭಾರಿ ಊಟ ಹಾಕಿದರೆ ಜೀವಕ್ಕೇ ಅಪಾಯ. ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಆದರೆ ಊಟ ಹಾಕುವುದು ರಮಾಬಾಯಿಗೆ ಆರಂಭ ಮಾತ್ರ. ಮುಕ್ತಿಯಲ್ಲಿ ಓದು-ಬರಹದ ಜೊತೆಗೆ ಅಡುಗೆ, ತೋಟಗಾರಿಕೆ, ಹೈನುಗಾರಿಕೆ, ಎಣ್ಣೆ ಗಾಣ, ನೇಯ್ಗೆ, ಹೊಲಿಗೆ, ಮುದ್ರಣ ಎಲ್ಲವನ್ನೂ ಕಲಿಸಲಾಯಿತು. ತೋಟದ ತರಕಾರಿ, ಕೊಟ್ಟಿಗೆಯ ಹಾಲು, ಗಾಣದ ಎಣ್ಣೆ: ಅಡುಗೆಮನೆಗೆ ಬೇಕಾದ್ದರಲ್ಲಿ ಎಷ್ಟೋ ಅವರ ಕೈದುಡಿಮೆಯಿಂದಲೇ ಬಂತು. ತಾನು ಹುಡುಗಿಯಾಗಿದ್ದಾಗ ತನಗೆ ಇಲ್ಲದ್ದನ್ನೇ, ಅಂದರೆ ಬದುಕುವ ಕಸುಬನ್ನೇ, ರಮಾಬಾಯಿ ಅವರ ಕೈಗೆ ಕೊಟ್ಟರು.

ಇದರ ಪರೀಕ್ಷೆ ಬೇಗನೇ ಬಂತು. 1899-1900ರಲ್ಲಿ ಗುಜರಾತಿನಲ್ಲಿ ಮತ್ತೆ ಬರ. ಮುಕ್ತಿಯ ಸಂಖ್ಯೆ ಎರಡು ಸಾವಿರದ ಹತ್ತಿರ ಹೋಯಿತು. ಅಷ್ಟು ಮಕ್ಕಳನ್ನು ನೋಡಿಕೊಂಡವರು ಯಾರು? ರಮಾಬಾಯಿ, ಮಗಳು ಮನೋರಮಾ, ಮಿನ್ನಿ ಅಬ್ರಾಮ್ಸ್ ಮುಂತಾದ ಸಹಕಾರಿಗಳು ಇದ್ದರು. ಅವರ ಜೊತೆ ನಿಂತವರು 1897ರಲ್ಲಿ ಎಲುಬಿನ ಹಂದರವಾಗಿ ಬಂದಿದ್ದ ಆ ಹುಡುಗಿಯರೇ. ಮೂರು ವರ್ಷದಲ್ಲಿ ಉಂಡವರು ಬಡಿಸುವವರಾದರು. ಅವರಲ್ಲಿ ಹೆಚ್ಚಿನವರ ಹೆಸರುಗಳು ಇಂದು ಯಾರ ಬಾಯಲ್ಲೂ ಇಲ್ಲ. ಆದರೆ ಆ ಅಡುಗೆಮನೆಯ ನಿಜವಾದ ಬಲ ಅವರೇ.

ಒಂದು ಕಷ್ಟದ ಪ್ರಶ್ನೆಯನ್ನು ಬಚ್ಚಿಡುವುದು ಸರಿಯಲ್ಲ. ಹುಡುಗಿಯರು ಕ್ರೈಸ್ತ ಪ್ರಾರ್ಥನೆಯತ್ತ ಒಲಿಯುತ್ತಿದ್ದಾರೆಂದು 1893ರಲ್ಲೇ ಶಾರದಾ ಸದನದ ಬಗ್ಗೆ ದೊಡ್ಡ ವಿವಾದವಾಗಿತ್ತು. ರಾನಡೆ, ಭಂಡಾರ್ಕರ್ ಅವರಂಥ ಹಿರಿಯರು ಸಲಹಾ ಮಂಡಳಿಯನ್ನು ಬಿಟ್ಟರು. ಮುಕ್ತಿಯಲ್ಲಂತೂ ಬಹಳಷ್ಟು ಹುಡುಗಿಯರು ಕ್ರೈಸ್ತರಾದರು. ಅನ್ನ ಕೊಟ್ಟ ಕೈ ತನಗರಿವಿಲ್ಲದೆಯೇ ಏನನ್ನಾದರೂ ಕೇಳುತ್ತದೆಯೇ? ಐರ್ಲೆಂಡಿನಲ್ಲೂ ಸೂಪಿಗಾಗಿ ಮತ ಬದಲಿಸಿದವರೆಂಬ ಹೀಯಾಳಿಕೆ ತಲೆಮಾರುಗಳವರೆಗೆ ಉಳಿಯಿತು. ನಾವು ರಮಾಬಾಯಿಯವರನ್ನು ಗೌರವಿಸುತ್ತೇವೆ. ಜೊತೆಗೆ ಈ ಪ್ರಶ್ನೆಯನ್ನೂ ಇಟ್ಟುಕೊಳ್ಳುತ್ತೇವೆ. ಪ್ರವಾಹದ ಆ ದಿನಗಳಲ್ಲಿ ನಮ್ಮ ನಡುವೆಯೂ ಈ ಚರ್ಚೆ ನಡೆದು ಸ್ವಲ್ಪ ಬಿಸಿಯೇರಿತ್ತು. ಕೊನೆಗೆ ಒಪ್ಪಿದ್ದು ಇಷ್ಟು: ಪಾತ್ರೆಯ ಮುಂದೆ ನಿಂತವರ ಹೆಸರು, ಜಾತಿ, ಧರ್ಮ ಯಾವುದನ್ನೂ ಕೇಳುವುದಿಲ್ಲ; ನಮ್ಮ ಪ್ರಾರ್ಥನೆಯನ್ನು ನಾವು ಒಲೆ ಹೊತ್ತಿಸುವ ಮೊದಲೇ ಮುಗಿಸುತ್ತೇವೆ.

ಮಿರಜಕ್ಕೆ ಇದು ಇಂದಿಗೂ ಹಳೆಯ ಮಾತಲ್ಲ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಇಲ್ಲಿ ಆಸ್ಪತ್ರೆ ತೆರೆದ ಮೇಲೆ ನಮ್ಮ ಊರು ಆಸ್ಪತ್ರೆಗಳ ಊರಾಗಿ ಬೆಳೆಯಿತು. ಗಡಿಯಾಚೆಯಿಂದ ರೋಗಿಗಳ ಜೊತೆ ಬಂದ ಕನ್ನಡದ ತಾಯಂದಿರು ಈಗಲೂ ಬುತ್ತಿ ಮುಗಿದ ಮೇಲೆ ಏನು ಮಾಡುವುದೆಂದು ಯೋಚಿಸುತ್ತಾ ಕೂತಿರುತ್ತಾರೆ.

ಶುಭಸಂದೇಶದಲ್ಲಿ ಪೇತ್ರನ ಅತ್ತೆಯ ಪ್ರಸಂಗ ನಿಮಗೆ ನೆನಪಿರಬಹುದು. ಯೇಸು ಕೈಹಿಡಿದು ಎಬ್ಬಿಸಿದ ಕೂಡಲೇ ಜ್ವರ ಬಿಟ್ಟಿತು. ಆಕೆ ಎದ್ದವಳೇ ಎಲ್ಲರಿಗೂ ಉಪಚಾರ ಮಾಡತೊಡಗಿದಳು. ನಾವು ಈ ಭಾಗವನ್ನು ಎಷ್ಟೋ ಸಲ ಕೇಳಿದ್ದೆವು. ಅದರ ಅರ್ಥ ಆದದ್ದು ಮಾತ್ರ ಈಳಿಗೆ ಕೇಳಿದ ಆ ಅಜ್ಜಿಯಿಂದ. ಮುಂದಿನ ಸಲ ಒಲೆ ಹೂಡುವಾಗ ಒಂದು ಈಳಿಗೆ, ಒಂದು ಸೌಟು ಹೆಚ್ಚಿಗೆ ತೆಗೆದುಕೊಂಡು ಹೋಗೋಣ.