ಅಮ್ಮನ ಫೋನಿನಲ್ಲಿ ಉಳಿದ ಡೇಟಾ ಎಲ್ಲಿಗೆ ಹೋಗುತ್ತೆ?

ಈ ವಾರದ ಕಥೆ ನಮ್ಮ ಮನೆಯಿಂದಲೇ ಶುರು.

ನಮ್ಮಮ್ಮ ತಿಪಟೂರಿನಲ್ಲಿದ್ದಾರೆ. ಭಾನುವಾರ ಮೊಮ್ಮಗನ ಜೊತೆ ವಿಡಿಯೊ ಕಾಲ್. ಹತ್ತು ನಿಮಿಷ ಆಗ್ತಿದ್ದಂತೆ, "ಸಾಕು ಕಣೋ, ಡೇಟಾ ಖಾಲಿಯಾಗುತ್ತೆ" ಅಂತ ಇಟ್ಟುಬಿಡ್ತಾರೆ. ಎರಡು ವರ್ಷದಿಂದ ಹೀಗೇ. ಕಳೆದ ತಿಂಗಳು ಊರಿಗೆ ಹೋದಾಗ ಅವರ ಫೋನ್ ತೆಗೆದು ನೋಡಿದೆ. ರೀಚಾರ್ಜ್ ದಿನಕ್ಕೆ ಒಂದೂವರೆ ಜಿಬಿಯದು, 28 ದಿನಕ್ಕೆ 42 ಜಿಬಿ. ಅಮ್ಮ ಬಳಸಿದ್ದು ಎರಡು ಜಿಬಿಗೂ ಕಡಿಮೆ! ಲೆಕ್ಕ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಉಳಿದಿದ್ದು ನಾಳೆಗೆ ಬರಲ್ವಾ?"

ಬರಲ್ಲ. ದಿನದ ಡೇಟಾ ಮಧ್ಯರಾತ್ರಿಗೆ ಮುಗೀತು. ಆದರೆ ಅಷ್ಟೊಂದು ಉಳಿಯುತ್ತಿದ್ದರೂ ಅಮ್ಮ ಹೆದರಿದ್ದು ಯಾಕೆ? ಅದಕ್ಕೆ ಉತ್ತರ ಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಆಗ ಕರೆ ಮಾಡಿದವರಷ್ಟೇ ಅಲ್ಲ, ಕರೆ ಎತ್ತಿದವರೂ ದುಡ್ಡು ಕೊಡಬೇಕಿತ್ತು. ಇನ್‌ಕಮಿಂಗ್ ಉಚಿತವೆಂಬುದು ಎಲ್ಲರಿಗೂ ನಿಯಮವಾದದ್ದು 2003ರಲ್ಲಿ. ಎಸ್‌ಟಿಡಿ ಬೂತಿನ ಮೀಟರ್ ನೋಡ್ತಾ ಮಾತು ನುಂಗಿದ, ಮಿಸ್ಡ್ ಕಾಲ್ ಕೊಟ್ಟು 'ಬಸ್ ಇಳಿದೆ' ಅಂತ ತಿಳಿಸಿದ ತಲೆಮಾರು ನಮ್ಮಮ್ಮನದು.

ಡೇಟಾ ಬಂದಾಗಲೂ ಅದೇ ಕಥೆ. 2ಜಿ ಕಾಲದಲ್ಲಿ ಪ್ಯಾಕ್ ಹಾಕಿಸದಿದ್ದರೆ 10 ಕೆಬಿಗೆ 10 ಪೈಸೆ ಅನ್ನೋದು ಸಾಮಾನ್ಯ ದರ. ಕೇಳೋಕೆ ಚಿಲ್ಲರೆ ಕಾಸು. ಗುಣಿಸಿ ನೋಡಿ, ಒಂದು ಜಿಬಿಗೆ ಹತ್ತು ಸಾವಿರ ರೂಪಾಯಿ ದಾಟುತ್ತೆ! ಆಗ 'ನನಗೆಷ್ಟು ಬೇಕು' ಅಂತ ಯಾರೂ ಕೇಳಿಕೊಳ್ಳುತ್ತಿರಲಿಲ್ಲ. ಜೇಬು ಎಷ್ಟು ತಡೆಯುತ್ತೆ ಅನ್ನೋದೇ ಲೆಕ್ಕ.

2016ರ ಸೆಪ್ಟೆಂಬರ್ 5ರಂದು ಜಿಯೊ ಬಂತು. ಕೆಲವು ತಿಂಗಳು ಪುಕ್ಕಟೆ. 2017ರಲ್ಲಿ ದುಡ್ಡಿನ ಪ್ಯಾಕ್‌ಗಳು ಶುರುವಾದಾಗ 'ದಿನಕ್ಕೆ ಒಂದು ಜಿಬಿ' ಅನ್ನೋ ಅಳತೆ ಮನೆಮಾತಾಯಿತು, ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಟ್ರಾಯ್ ಲೆಕ್ಕದಂತೆ 2014ರಲ್ಲಿ ಒಂದು ಜಿಬಿಗೆ ಸರಾಸರಿ 269 ರೂಪಾಯಿ ಇದ್ದದ್ದು 2018ಕ್ಕೆ 12 ರೂಪಾಯಿಗಿಂತ ಕೆಳಗಿಳಿಯಿತು. ಒಬ್ಬರ ತಿಂಗಳ ಬಳಕೆ ಕಾಲು ಜಿಬಿಯ ಆಸುಪಾಸಿನಿಂದ ಏಳೂವರೆ ಜಿಬಿ ದಾಟಿತು.

ಅಗ್ಗವಾದದ್ದು ಒಳ್ಳೆಯದೇ. ಹಳ್ಳಿ ಹುಡುಗರ ಕೈಗೂ ಪಾಠ, ಕೆಲಸ, ಸಿನಿಮಾ ಎಲ್ಲ ಬಂತು. ಆದರೆ ಜೊತೆಗೇ ಇನ್ನೊಂದು ಬದಲಾವಣೆ ಆಯ್ತು. ಎಷ್ಟು ಬೇಕು ಅಂತ ನಾವು ಹೇಳೋ ಮೊದಲೇ, ಇಷ್ಟು ತಗೊಳ್ಳಿ ಅಂತ ಪ್ಯಾಕ್ ಹೇಳತೊಡಗಿತು. ಬರೀ ಮಾತಾಡೋಕೆ ಫೋನ್ ಇಟ್ಟುಕೊಂಡವರೂ ಡೇಟಾ ಸೇರಿದ ಪ್ಯಾಕನ್ನೇ ಕೊಳ್ಳುವಂತಾಯಿತು. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಟ್ರಾಯ್, ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರದ ಪ್ಯಾಕ್ ಕೊಡಲೇಬೇಕು ಅಂತ ನಿಯಮ ತಂದಿತು.

ಹಾಗಾದ್ರೆ ನಿಜವಾಗಿ ಎಷ್ಟು ಬೇಕು? ಲೆಕ್ಕ ಹಾಕೋದು ಕಷ್ಟವಲ್ಲ. ವಾಟ್ಸ್ಆ್ಯಪ್ ಸಂದೇಶ, ಯುಪಿಐ ಪಾವತಿ ಲೆಕ್ಕಕ್ಕೇ ಬರಲ್ಲ. ಅರ್ಧ ಗಂಟೆ ವಿಡಿಯೊ ಕಾಲ್ ಅಂದ್ರೆ ಸುಮಾರಾಗಿ 150ರಿಂದ 250 ಎಂಬಿ. ಡೇಟಾ ನುಂಗೋದು ವಿಡಿಯೊ ನೋಡೋದು: ಸಾಧಾರಣ ಗುಣಮಟ್ಟದಲ್ಲಿ ಗಂಟೆಗೆ ಅರ್ಧ ಜಿಬಿಯ ಮೇಲೆ, ಎಚ್‌ಡಿ ಆದ್ರೆ ಅದರ ಎರಡು-ಮೂರು ಪಟ್ಟು. ಮನೆಯಲ್ಲಿ ವೈ-ಫೈ ಇದ್ದರೆ ಅದು ಮೊಬೈಲ್ ಲೆಕ್ಕಕ್ಕೆ ಸೇರಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಡೇಟಾ ಯೂಸೇಜ್' ತೆರೆದು ಮೂರು ತಿಂಗಳ ಅಂಕಿ ನೋಡಿ. ಅತಿ ಹೆಚ್ಚು ಬಳಸಿದ ತಿಂಗಳಿಗೆ ಕಾಲು ಭಾಗ ಸೇರಿಸಿ. ನಿಮಗೆ ಬೇಕಾದ್ದು ಅಷ್ಟು.

ಅಮ್ಮನಿಗೆ ಬರೀ ಕರೆಯ ಪ್ಯಾಕ್ ಹಾಕಿಸೋಣ ಅಂದುಕೊಂಡೆ. "ಬೇಡ, ಭಾನುವಾರ ಪುಟ್ಟನ ಮುಖ ನೋಡಬೇಕು" ಅಂದ್ರು. ದಿನದ ಮಿತಿಯಿಲ್ಲದೆ ಮೂರು ತಿಂಗಳಿಗೆ ಒಟ್ಟು ಇಷ್ಟು ಜಿಬಿ ಅಂತ ಕೊಡೋ ಪ್ಯಾಕ್ ಸಿಕ್ಕಿತು. ಖರ್ಚೂ ಕಡಿಮೆ. ಉಳಿದಿದ್ದು ನಾಳೆಗೂ ಇರುತ್ತೆ. ಸಾಲದೆ ಬಂದರೆ ಸಣ್ಣ ಟಾಪ್-ಅಪ್ ಹಾಕಿಸಿದರಾಯ್ತು.

ಆದರೆ ನನಗೆ ಚುಚ್ಚಿದ್ದು ದುಡ್ಡಿನ ವಿಷಯ ಅಲ್ಲ. ತಿಂಗಳಿಗೆ 40 ಜಿಬಿ ಸುಮ್ಮನೆ ಆರಿಹೋಗ್ತಿದ್ದಾಗ ಅಮ್ಮ ಮೊಮ್ಮಗನ ಮಾತನ್ನು ಅರ್ಧಕ್ಕೇ ನಿಲ್ಲಿಸ್ತಿದ್ರು. ಒಮ್ಮೆ ಕೂತು ಮೀಟರ್ ತೋರಿಸಿದ್ದರೆ ಸಾಕಿತ್ತು, ನಾನು ತೋರಿಸಲಿಲ್ಲ. ಕಳೆದ ಭಾನುವಾರ ಮುಕ್ಕಾಲು ಗಂಟೆ ಮಾತಾಡಿದರು. ಈ ಸಲ "ಸಾಕು" ಅಂದದ್ದು ಮೊಮ್ಮಗ!

ನಿಮ್ಮ ಮನೆಯ ಹಿರಿಯರ ಫೋನನ್ನೂ ಒಮ್ಮೆ ತೆಗೆದು ನೋಡಿ. ಮುಂದಿನ ವಾರ ಸಿಗೋಣ.