ಕೊಲ್ಲಾರಿ ಬಂಡಿಯಿಂದ ಟ್ರೇಲರ್ ಗುಡಾರದವರೆಗೆ

ಕಾರಿನ ಹಿಂದೆ ಪುಟ್ಟ ಗೂಡು ಕಟ್ಟಿಕೊಂಡು ಊರೂರು ತಿರುಗುವ ಅಮೆರಿಕದವರ ವಿಡಿಯೋ ಈಗ ನಮ್ಮ ಹುಡುಗರ ಮೊಬೈಲ್‌ನಾಗೂ ಬರ್ತಾವೆ. ಮುಂದೆ ಗುಂಡಗೆ, ಹಿಂದೆ ಇಳಿಜಾರು. ಹನಿಯ ಆಕಾರ ಇರೋದಕ್ಕೆ ಅದರ ಹೆಸರೇ 'ಟಿಯರ್‌ಡ್ರಾಪ್'. 1930-40ರ ದಶಕದಲ್ಲಿ, ದೊಡ್ಡ ಗಾಡಿ ಕೊಳ್ಳೋಕೆ ಆಗದ ಮಂದಿ ಪತ್ರಿಕೆಯಲ್ಲಿ ಅಚ್ಚಾದ ನಕ್ಷೆ ನೋಡಿ ಇದನ್ನ ಅಂಗಳದಲ್ಲೇ ಮಾಡಿಕೊಂಡರು. ಈಗ ಬಿಡಿಬಿಡಿಯಾಗಿ ಸಿಗುವ ಸಣ್ಣ ಟ್ರೇಲರ್ ತಂದು, ಬೋಲ್ಟು ಬಿಗಿದು, ಮೇಲೆ ಪ್ಲೈವುಡ್ ಗೂಡು ಕೂರಿಸ್ತಾರೆ. ಅಗಲ 4 ಅಡಿ, ಉದ್ದ 8 ಅಡಿ, ಅಂದ್ರೆ ಒಂದು ಪ್ಲೈವುಡ್ ಹಲಗೆಯಷ್ಟು. ಒಳಗೆ ಇಬ್ಬರು ಮಲಗಬಹುದು. ಹಿಂದಿನ ಬಾಗಿಲು ಎತ್ತಿದರೆ ಅಡುಗೆ ಜಾಗ.

ಶಾಸನಗಳಲ್ಲಿ ಕೋಗಳಿ-500 ಅಂತ ಬರುವ ನಮ್ಮ ಸೀಮೆಗೆ ಇದೇನು ಹೊಸದಲ್ಲ. ನಮ್ಮ ಹಿರಿಯರ ಕೊಲ್ಲಾರಿ ಬಂಡಿ ಇದೇ ಕೆಲಸ ಮಾಡ್ತಿತ್ತು. ಸುಗ್ಗಿ ಮುಗೀತು ಅಂದ್ರೆ ಹೊಲದ ಬಂಡಿಗೆ ಬಿದಿರಿನ ಕಮಾನು ಕಟ್ಟಿ, ಮೇಲೆ ಚಾಪೆ ಇಲ್ಲವೇ ತಾಡಪತ್ರಿ ಹೊದಿಸಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿದರೆ ಮನೆ ತಯಾರು. ರೊಟ್ಟಿ ಬುತ್ತಿ, ಶೇಂಗಾ ಚಟ್ನಿ, ಎತ್ತಿಗೆ ಮೇವು ಎಲ್ಲಾ ಅದರಲ್ಲೇ. ಭರತ ಹುಣ್ಣಿಮೆ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ, ಗೊರವಯ್ಯನ ಕಾರಣಿಕ ಕೇಳೋಕೆ ಬಂಡಿ ಸಾಲು ಹೊರಡ್ತಿತ್ತು. ಆ ಒಂದು ಮಾತಿನಲ್ಲಿ ಮಳೆ-ಬೆಳೆ ಹುಡುಕುವ ರೈತ ಅಲ್ಲಿ ಬಂಡಿ ಬಿಟ್ಟು, ಅದರ ನೆರಳಲ್ಲೇ ಒಲೆ ಹೂಡಿ, ರಾತ್ರಿ ಅದರೊಳಗೇ ಮಲಗ್ತಿದ್ದ.

ಈ ಬಂಡಿಯಲ್ಲಿ ಒಂದು ದೊಡ್ಡ ಲೆಕ್ಕ ಇತ್ತು. ಭಾರ ಮುಂದಾದರೆ ನೊಗ ಎತ್ತಿನ ಹೆಗಲು ಒತ್ತಿ ಹುಣ್ಣಾಗ್ತದೆ. ಹಿಂದಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗೀತದೆ. ಅದಕ್ಕೇ ಬಂಡಿ ಹೂಡುವ ಮುಂಚೆ ನೊಗ ಎತ್ತಿ ನೋಡೋದು, ಚೀಲ ಹಿಂದೆ ಮುಂದೆ ಸರಿಸೋದು. ಟಿಯರ್‌ಡ್ರಾಪ್ ಮಾಡುವವರೂ ಇದನ್ನೇ ಪಾಲಿಸ್ತಾರೆ. ಒಟ್ಟು ತೂಕದಲ್ಲಿ ಸುಮಾರು 10ರಿಂದ 15 ಭಾಗ ಕೊಂಡಿ ಮೇಲೆ ಬೀಳಬೇಕು ಅಂತ ಅವರ ಲೆಕ್ಕ. ಹಿಂಭಾರವಾದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸಿ, ಎಳೆಯುವ ಗಾಡಿಯನ್ನೂ ಉರುಳಿಸ್ತದೆ. ಎತ್ತಿಗೆ ನೋವಾಗ್ತದೆ, ನಿಂತುಬಿಡ್ತದೆ. ಎಂಜಿನ್‌ಗೆ ನೋವಿಲ್ಲ, ನಿಲ್ಲೋದೂ ಇಲ್ಲ.

ಮರದ ಗಾಲಿ ಹೋಗಿ ಟೈರ್ ಬಂಡಿ ಬಂತು. 1960ರ ದಶಕದಿಂದ ದೇಶದಲ್ಲೇ ಟ್ರ್ಯಾಕ್ಟರ್ ತಯಾರಿ ಬೆಳೀತು, ಬರಬರುತ್ತಾ ನಮ್ಮ ಹಳ್ಳಿಗೂ ಮುಟ್ಟಿತು. ಆಗ ನಾವು ಬಂಡಿಯ ಕಮಾನು ಬಿಚ್ಚಿ ಟ್ರೇಲರ್‌ಗೆ ಕಟ್ಟಿದೆವು. ಬಿದಿರು ಹೋಗಿ ಕಬ್ಬಿಣದ ಪೈಪು ಬಂತು, ತಾಡಪತ್ರಿ ಮಾತ್ರ ಉಳೀತು. ಇವತ್ತಿಗೂ ಜಾತ್ರೆ ದಿನ ಮೈಲಾರ, ಕೊಟ್ಟೂರು ದಾರಿಯಲ್ಲಿ ಇಂಥ ಗುಡಾರಗಳೇ ಕಾಣ್ತಾವೆ.

ಹೀಗೆ ಗುಡಾರ ತಂದೆವು, ಲೆಕ್ಕ ಮಾತ್ರ ಬಂಡಿಯಲ್ಲೇ ಬಿಟ್ಟೆವು. ಕೊಲ್ಲಾರಿ ಬಂಡಿ ಎತ್ತಿನ ನಡಿಗೆಗೆ ಮಾಡಿದ್ದು, ಅದರಲ್ಲಿ ಕೂರೋದು ಒಂದು ಮನೆ ಮಂದಿ. ಟ್ರೇಲರ್ ಮಾಡಿದ್ದು ಗೊಬ್ಬರ, ಮೆಕ್ಕೆಜೋಳ ಹೇರೋಕೆ. ಅದರಲ್ಲಿ ಎರಡು-ಮೂರು ಮನೆ ಮಂದಿಯನ್ನ ಕೂರಿಸಿ ರಾತ್ರಿ ಹೆದ್ದಾರಿಗೆ ಇಳೀತೀವಿ. ಎಷ್ಟೋ ಟ್ರೇಲರ್‌ಗೆ ಸ್ವಂತ ಬ್ರೇಕ್ ಇಲ್ಲ, ಹಿಂದೆ ದೀಪ ಇಲ್ಲ. ಕೃಷಿ ಟ್ರೇಲರ್‌ನಲ್ಲಿ ಜನರನ್ನ ಒಯ್ಯೋದು ಕಾನೂನಿಗೂ ವಿರುದ್ಧ. ಅನಾಹುತ ಆದ್ರೆ ವಿಮೆ ಪರಿಹಾರ ಸಿಗೋದೂ ಕಷ್ಟ.

ಅದಕ್ಕೆ ನನ್ನ ಮಾತು ಇಷ್ಟೇ. ಹೆಣ್ಣುಮಕ್ಕಳು, ಮಕ್ಕಳು, ಹಿರಿಯರು ಬಸ್ಸಿಗೆ ಬರಲಿ. ಟ್ರೇಲರ್‌ನಲ್ಲಿ ಹಾಸಿಗೆ, ಪಾತ್ರೆ, ಕಟ್ಟಿಗೆ, ನೀರಿನ ಡ್ರಮ್ಮು ಹೋಗಲಿ. ಹಗಲೇ ಹೊರಡಿ, ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಜಾತ್ರೆ ಬಯಲಿಗೆ ಹೋದ ಮೇಲೆ ಗಾಲಿಗೆ ಕಲ್ಲು ಕೊಟ್ಟು, ತಾಡಪತ್ರಿ ಬಿಗಿದು ಆರಾಮಾಗಿ ಮಲಗಿ. ಟಿಯರ್‌ಡ್ರಾಪ್ ಮಾಡುವ ಆಸೆ ಇರುವ ಹುಡುಗರು ಮೊದಲು ಆರ್‌ಟಿಒ ಕಚೇರಿಯಲ್ಲಿ ನೋಂದಣಿ ವಿಚಾರಿಸಿ, ಆಮೇಲೆ ವೆಲ್ಡಿಂಗ್ ಅಂಗಡಿಗೆ ಹೋಗಲಿ. ಊರಲ್ಲಿ ಬಂಡಿ ಹೂಡಿದ ಅಜ್ಜ ಯಾರಾದ್ರೂ ಇದ್ರೆ, ನೊಗ ಎತ್ತಿ ಭಾರ ನೋಡೋದು ಹ್ಯಾಗೆ ಅಂತ ಅವರ ಹತ್ರ ಕಲೀರಿ.